ಹರಕೆಯಲ್ಲಿ ಬಿಟ್ಟುಹೋದ ಮಾತು

ಸತ್ಯನಾರಾಯಣ ಪೂಜೆ ಮುಗಿದ ಹದಿನೇಳನೆಯ ದಿನ ಊರ್ಮಿಳಾ ಮಗಳ ಚಡ್ಡಿ ಹಾಕಿಕೊಂಡಳು.

ಅನಘ ಬೆಳಿಗ್ಗೆ ಓಡಲು ಹೋಗುವಾಗ ಹಾಕುವ, ಮೊಣಕಾಲಿಗಿಂತ ಮೇಲೆಯೇ ನಿಲ್ಲುವ ಬೂದು ಚಡ್ಡಿ. ಸೀರೆ ಬಿಟ್ಟು ನೈಟಿಗೆ ಬಂದು ಆಗಲೇ ಎರಡು ವಾರವಾಗಿತ್ತು. ಈಗ ನೈಟಿಯೂ ಆಗುತ್ತಿರಲಿಲ್ಲ. ಅದರ ಅಂಚು ಎಡಗಾಲಿನ ಮೀನಖಂಡಕ್ಕೆ ತಾಗಿದಾಗಲೆಲ್ಲ ಕಾದ ಸಟ್ಟುಗದಿಂದ ಎಳೆದ ಹಾಗಾಗುತ್ತಿತ್ತು. ಫ್ಯಾನಿನ ಗಾಳಿಗೆ ಬಟ್ಟೆ ಅಲುಗಿದರೆ ಸಾಕು, ಹಲ್ಲು ಕಚ್ಚಬೇಕು.

ಅತ್ತೆ ರಮಾಮಣಿ ದೇವರ ದೀಪ ಹಚ್ಚಿ ತಿರುಗಿದಾಗ ನಲವತ್ತೆಂಟು ವರ್ಷದ ಸೊಸೆ ಆ ಚಡ್ಡಿಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಇದೆಂತ ವೇಷ ಮಾರಾಯ್ತಿ?”

“ಬಟ್ಟೆ ತಾಗಿದರೆ ಉರೀತದೆ ಅತ್ತೆ.”

“ಬೆಂಕಿ ತಾಗಿದರೆ ಉರಿಯುದು. ಬಟ್ಟೆ ತಾಗಿದರೆ ಉರಿಯುದು ಅಂತ ಈ ಎಪ್ಪತ್ತೇಳು ವರ್ಷದಲ್ಲಿ ನಾನು ಕೇಳಲಿಲ್ಲ.”

“ಅಜ್ಜಿ, ಸೋಡಾ ನಾ, ಬಿಟ್ಟುಬಿಡಿ,” ಎಂದಳು ಅನಘ, ಶೂ ಕಟ್ಟುತ್ತ. ಅವಳಿಗೆ ಐರೋಲಿಯ ಕಂಪನಿಗೆ ಏಳೂ ಐವತ್ತರ ಗಾಡಿ ಹಿಡಿಯಬೇಕಿತ್ತು. “ಮನೆಯೊಳಗೆ ಯಾರು ನೋಡ್ತಾರೆ?”

“ದೇವರು ನೋಡುದಿಲ್ವಾ?”

“ನಿಮ್ಮ ಕೃಷ್ಣನೂ ಮೊಣಕಾಲಿನ ಮೇಲೇ ಉಟ್ಟಿದ್ದಾನೆ. ದೇಖೋ.”

ರಮಾಮಣಿ ನೋಡಲಿಲ್ಲ. ಆದರೆ ಆ ದಿನ ಒಂದು ಕಟ್ಟಳೆ ಮಾಡಿದರು. ಬಾಗಿಲಿನ ಬೆಲ್ ಆದರೆ ಊರ್ಮಿಳಾ ಒಳಗಿನ ಕೋಣೆಗೆ ಹೋಗಬೇಕು. ಹಾಲಿನವನಾಗಲಿ, ಪಕ್ಕದ ಮನೆಯವರಾಗಲಿ, ಯಾರಿಗೂ ಈ ಕಾಲು ಕಾಣಬಾರದು.

ಕಾಲಿನಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ಸೊಂಟದಲ್ಲಿ ಒಂದು ಗೇಣು ಉದ್ದದ ಗಾಯದ ಗೆರೆ, ಅದರೊಳಗೆ ನಾಲ್ಕು ಸ್ಕ್ರೂ. ಆಪರೇಷನ್ನಿಗೆ ಮೊದಲು ಎಡಪಾದ ಜೋತು ಬಿದ್ದಿತ್ತು. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕಲ್ಯಾಣದ ಆಸ್ಪತ್ರೆಯಲ್ಲಿ ಸರ್ಜನ್ ಬೆನ್ನುಮೂಳೆ ತೆರೆದು ನರದ ಮೇಲಿನ ಒತ್ತಡ ತೆಗೆದರು. ಹನ್ನೆರಡನೆಯ ದಿನ ಹೆಬ್ಬೆರಳು ಎದ್ದಿತು. ರಮಾಮಣಿ ಅಂದೇ ಪುರೋಹಿತರಿಗೆ ಫೋನ್ ಮಾಡಿದರು. ಕಾಲು ಎದ್ದರೆ ಸತ್ಯನಾರಾಯಣ ಪೂಜೆ ಎಂದು ಅವರು ಹರಕೆ ಹೊತ್ತಿದ್ದರು. ಹರಕೆ ತಡ ಮಾಡಬಾರದು ಎಂಬುದು ಅವರ ಲೆಕ್ಕ. ನಲವತ್ತನೆಯ ದಿನ ಮುಂಬಯಿ ಪಕ್ಕದ ಡೊಂಬಿವಿಲಿಯ ಆ ಪುಟ್ಟ ಮನೆಗೆ ಐವತ್ತು ಜನ ಬಂದರು. ಸರ್ಜನ್ ಕೂಡ ಬಂದು ಸಪಾದ ಭಕ್ಷ್ಯ ತಿಂದು, ಚೆನ್ನಾಗಿದೆ ಎಂದು ಹೇಳಿ ಹೋದರು.

ಆ ದಿನವೂ ಕಾಲು ಉರಿಯುತ್ತಿತ್ತು. ರೇಷ್ಮೆ ಸೀರೆ ಉಟ್ಟು ಮೂರು ಗಂಟೆ ನಿಂತ ಊರ್ಮಿಳಾಳನ್ನು ಬಂದವರೆಲ್ಲ ಕೇಳಿದರು. ತೀರ್ಥ ಹಿಡಿದ ಕೈಯಲ್ಲೇ ಅವಳು ಎಲ್ಲರಿಗೂ ಹೇಳಿದಳು: “ಈಗ ಎಂತದ್ದೂ ಇಲ್ಲ. ದೇವರ ದಯೆ.” ಗಂಡ ಸಂಕರ್ಷಣ ಮಂಟಪದ ಮುಂದೆ ಅವಳನ್ನು ನಿಲ್ಲಿಸಿ ಫೋಟೋ ತೆಗೆದ. ‘ಸಂಪೂರ್ಣ ಗುಣ’ ಎಂದು ಬರೆದು ಹೋಟೆಲಿನವರ ಗ್ರೂಪಿಗೂ ಊರಿನವರ ಗ್ರೂಪಿಗೂ ಹಾಕಿದ. ನೂರಾರು ಕೈಮುಗಿದ ಚಿತ್ರಗಳು ಬಂದವು.

ಅಂಥ ಪೂಜೆಯ ಮೇಲೆ ನೋವಿದೆ ಎನ್ನುವುದು ಹೇಗೆ?

*

ಸಂಕರ್ಷಣ ಸ್ಟೇಷನ್ನಿನ ಹತ್ತಿರದ ಶಾಕಾಹಾರಿ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮ್ಯಾನೇಜರ್. ಬೆಳಿಗ್ಗೆ ಆರಕ್ಕೆ ಹೋದರೆ ಮೂರಕ್ಕೆ ಬಂದು, ಐದಕ್ಕೆ ಮತ್ತೆ ಹೋಗುತ್ತಿದ್ದ. ಆ ಎರಡು ಗಂಟೆ ಮಲಗುವುದು ಅವನ ರೂಢಿ. ಈಗ ಆ ಹೊತ್ತಿನಲ್ಲಿ ಹಾಲಿನ ಕಿಟಕಿಯ ಪರದೆ ಎಳೆದು ನೆಲ ಒರೆಸುತ್ತಿದ್ದ. ಗ್ಯಾಲರಿಯಲ್ಲಿ ಬಟ್ಟೆ ಒಣಹಾಕಬೇಕಾದರೆ ಮೊದಲು ಒಂದು ಬೆಡ್‌ಶೀಟ್ ಹರವಿ, ಅದರ ಮರೆಯಲ್ಲಿ ನಿಂತು ಉಳಿದವನ್ನು ಹಾಕುತ್ತಿದ್ದ. ಎದುರು ಬಿಲ್ಡಿಂಗಿನಲ್ಲಿ ಹೋಟೆಲಿಗೆ ದಿನಾ ಬರುವ ಗಿರಾಕಿಗಳಿದ್ದರು.

ಊಟದ್ದೇ ದೊಡ್ಡ ರಗಳೆ. ಮಗ ದುಡಿಯುವ ಹೋಟೆಲಿನ ಒಂದು ಅಗುಳು ಅನ್ನವನ್ನೂ ರಮಾಮಣಿ ಈವರೆಗೆ ಮುಟ್ಟಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಯಾರ್ಯಾರದೋ ಕೈ. ಮನೆಯಲ್ಲಿ ಬೇಯಿಸಲೇಬೇಕು. ಊರ್ಮಿಳಾ ಒಲೆಯ ಮುಂದೆ ನಿಂತು ತೊಂಡೆಕಾಯಿ ಹೆಚ್ಚುವಷ್ಟರಲ್ಲಿ ಸೊಂಟದಿಂದ ಪಾದದವರೆಗೆ ಕರೆಂಟು ಹೊಡೆಯುತ್ತಿತ್ತು. ಅರ್ಧ ಹೆಚ್ಚಿದ ತೊಂಡೆಕಾಯಿ ಬಿಟ್ಟು ಮಲಗುತ್ತಿದ್ದಳು. ಮಿಕ್ಕದ್ದನ್ನು ರಮಾಮಣಿ ನಡುಗುವ ಕೈಯಲ್ಲಿ ಹೆಚ್ಚುತ್ತಿದ್ದರು. ಚೂರುಗಳು ಒಂದು ಹೆಬ್ಬೆರಳಿನಷ್ಟು, ಒಂದು ಕಿರುಬೆರಳಿನಷ್ಟು.

“ಅರ್ಧ ಬೆಂದಿದೆ, ಅರ್ಧ ಬೇಯಲಿಲ್ಲ,” ಎಂದ ಸಂಕರ್ಷಣ ಒಂದು ದಿನ.

“ಹೌದು ಮಾಣಿ. ಅರ್ಧ ಸೊಸೆ ಹೆಚ್ಚಿದ್ದು, ಅರ್ಧ ಅತ್ತೆ ಹೆಚ್ಚಿದ್ದು,” ಎಂದರು ರಮಾಮಣಿ. “ಸಂಪೂರ್ಣ ಗುಣ ಆದವಳು ಮಲಗಿದ್ದಾಳೆ.”

ಊರ್ಮಿಳಾಗೆ ಕೋಣೆಯೊಳಗೆ ಅದು ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

*

ಆ ಭಾನುವಾರ ನಾಲ್ಕು ಗಂಟೆಗೆ ಚನಿಯ ಬಂದ. ಹೋಟೆಲಿನ ರುಬ್ಬುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಅಕ್ಕಿ ಮೂಟೆ ಎತ್ತಿ, ಹಿಟ್ಟಿನ ಪಾತ್ರೆ ಎತ್ತಿ ಸೊಂಟ ಹೋದವನು. ದಿವಾದಲ್ಲಿ ಮನೆ. ಜೊತೆಗೆ ಹೆಂಡತಿ ವಿಮಲಾ. ಅವನ ಎಡಪಾದವೂ ಎಳೆಯುತ್ತಿತ್ತು. ಕಲ್ಯಾಣದ ಅದೇ ಸರ್ಜನ್ ಆಪರೇಷನ್ ಹೇಳಿದ್ದರು. ಅವನು ಹೂಂ ಅಂದಿರಲಿಲ್ಲ. ಫೋಟೋ ನೋಡಿದ ಮೇಲೆ, ಗುಣವಾದವರನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಸಂಕರ್ಷಣನ ಹತ್ತಿರ ಕೇಳಿಕೊಂಡಿದ್ದ.

ಅವರು ಬರುವ ಅರ್ಧ ಗಂಟೆ ಮೊದಲು ಊರ್ಮಿಳಾ ಸೀರೆ ಉಟ್ಟಳು. ಯಾರೂ ಬಲವಂತ ಮಾಡಲಿಲ್ಲ. ರಮಾಮಣಿ ಕಪಾಟಿನಿಂದ ಹತ್ತಿಯ ಸೀರೆ ತೆಗೆದು ಮಂಚದ ಮೇಲೆ ಇಟ್ಟು ಹೋಗಿದ್ದರು, ಅಷ್ಟೇ.

ಚನಿಯ ಸೋಫಾದಲ್ಲಿ ಕೂರಲಿಲ್ಲ, ಬಾಗಿಲ ಪಕ್ಕದ ಸ್ಟೂಲಿನಲ್ಲಿ ಒರಗಿಕೊಂಡು ಕೂತ. ವಿಮಲಾ ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಟೀಪಾಯಿಯ ಮೇಲೆ ಇಟ್ಟಳು. ರಮಾಮಣಿ ಒಳಗಿಂದ ಕಾಗದದ ಕಪ್ಪಿನಲ್ಲಿ ಎರಡು ಕಾಫಿ ಕಳಿಸಿದರು. ಮನೆಯವರದು ಸ್ಟೀಲ್ ಲೋಟದಲ್ಲಿ ಬಂತು.

“ಅಮ್ಮ, ನಿಮ್ಮನ್ನು ನೋಡಿದ ಮೇಲೇ ಸಹಿ ಹಾಕುದು ಅಂತ ಇವಳದ್ದು ಒಂದೇ ಹಟ,” ಎಂದ ಚನಿಯ.

“ಹಟ ಅಲ್ಲಮ್ಮ,” ಎಂದಳು ವಿಮಲಾ. “ಡಾಕ್ಟರು ಎಂತೆಂತದೋ ಹೇಳ್ತಾರೆ. ಕೆಲವರಿಗೆ ನೋವು ಉಳೀತದೆ ಅಂತಲೂ ಹೇಳಿದರು. ಎಷ್ಟು, ಹೇಗೆ, ನಮಗೆ ಗೊತ್ತಾಗುದಿಲ್ಲ. ಮಾಡಿಸಿಕೊಂಡವರು ಹೇಳಿದರೆ ಗೊತ್ತಾಗ್ತದೆ.”

“ಪಾದ ಎದ್ದಿತು,” ಎಂದಳು ಊರ್ಮಿಳಾ. ಎತ್ತಿ ತೋರಿಸಿದಳು.

“ಮತ್ತೆ ನೋವು?”

“ಇಲ್ಲ.”

“ನಿಂತು ಕೆಲಸ ಮಾಡ್ಲಿಕ್ಕೆ ಆಗ್ತದಾ? ಇವರದ್ದು ನಿಂತೇ ಮಾಡುವ ಕೆಲಸ.”

“ಆಗ್ತದೆ.”

“ಉರಿ ಗಿರಿ? ಇವರ ಪರಿಚಯದವರು ಒಬ್ಬರು ಹೇಳಿದರು, ಕೆಲವರಿಗೆ ಉರಿ ಹೋಗುದೇ ಇಲ್ಲ ಅಂತ.”

ಊರ್ಮಿಳಾ ಗಂಡನ ಕಡೆ ನೋಡಿದಳು. ಸಂಕರ್ಷಣ ಬಾಳೆಹಣ್ಣು ನೋಡುತ್ತಿದ್ದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

“ಎಂತದ್ದೂ ಇಲ್ಲ ವಿಮಲಾ. ದೇವರ ದಯೆ.”

ಚನಿಯ ಎರಡೂ ಕೈ ಎತ್ತಿ ಮುಗಿದ. “ಇನ್ನು ನನಗೆ ಹೆದರಿಕೆ ಇಲ್ಲ.”

ಅವರು ಲಿಫ್ಟ್ ಹತ್ತುವವರೆಗೆ ಊರ್ಮಿಳಾ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಅಲ್ಲೇ ಸೀರೆಯನ್ನು ಎರಡೂ ಕೈಯಲ್ಲಿ ಮೊಣಕಾಲಿನವರೆಗೆ ಎತ್ತಿ ಹಿಡಿದು ಕೋಣೆಗೆ ನಡೆದಳು.

“ಅಮ್ಮ, ತೂ ಝೂಟ್ ಬೋಲೀ,” ಎಂದಳು ಕೋಣೆಯೊಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಅನಘ. “ಮೂರು ಸಲ ಕೇಳಿದರು. ಮೂರೂ ಸಲ ಸುಳ್ಳು.”

“ಜನ ಧೈರ್ಯಕ್ಕೆ ಬರ್ತಾರೆ,” ಎಂದ ಸಂಕರ್ಷಣ. “ಧೈರ್ಯ ಕೊಟ್ಟದ್ದು ತಪ್ಪಾ?”

“ಅದು ಧೈರ್ಯ ನಹೀ ಹೈ ಪಪ್ಪಾ. ಅಡ್ವರ್ಟೈಸ್‌ಮೆಂಟ್.”

“ನೀನು ಸುಮ್ಮನಿರು. ದೊಡ್ಡವರ ಮಾತಿಗೆ ಬರಬೇಡ.”

“ಅವರ ಕಾಲು ಅದು. ನಿಮ್ಮ ಗ್ರೂಪ್ ಅಲ್ಲ.”

ಸಂಕರ್ಷಣ ಆ ದಿನ ಐದಕ್ಕೆ ಹೋಗಬೇಕಾದವನು ನಾಲ್ಕೂವರೆಗೇ ಹೋದ.

*

ಥಾಣೆಯ ನೋವಿನ ಕ್ಲಿನಿಕ್ಕಿಗೆ ಅಪಾಯಿಂಟ್‌ಮೆಂಟ್ ತೆಗೆದದ್ದು ಅನಘ. ಮುಂದಿನ ವಾರ ಅವಳಿಗೆ ರಜೆ ಸಿಗಲಿಲ್ಲ. ಸಂಕರ್ಷಣನೇ ಕರೆದುಕೊಂಡು ಹೋಗಬೇಕಾಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಂಆರ್‌ಐ ನೋಡಿ ಆಪರೇಷನ್ ಸರಿಯಾಗಿಯೇ ಆಗಿದೆ ಎಂದರು. ಆಮೇಲೆ ಊರ್ಮಿಳಾಗೆ ಕಣ್ಣು ಮುಚ್ಚಲು ಹೇಳಿ, ಒಂದು ಎಳೆ ಹತ್ತಿ ತೆಗೆದು ಬಲಗಾಲಿಗೆ ಸವರಿದರು.

“ಹೇಗಿದೆ?”

“ಹತ್ತಿ.”

ಎಡಗಾಲಿಗೆ ಸವರಿದರು. ಊರ್ಮಿಳಾ ಕಿರುಚಿ ಮಂಚದ ತುದಿಗೆ ಸರಿದಳು. ಹೊರಗೆ ಕಾಯುತ್ತಿದ್ದವರು ಬಾಗಿಲ ಕಡೆ ನೋಡಿದರು. ಸಂಕರ್ಷಣ ಎದ್ದು ನಿಂತ. ಡಾಕ್ಟರ ಬೆರಳುಗಳ ನಡುವೆ ಇದ್ದದ್ದು ಬರೀ ಹತ್ತಿ ಎಂಬುದನ್ನು ಅವನು ಬಹಳ ಹೊತ್ತು ನೋಡಿದ.

ನರ ತುಂಬ ದಿನ ಒತ್ತಡದಲ್ಲಿತ್ತು, ಕೆಲವರಲ್ಲಿ ಒತ್ತಡ ಹೋದರೂ ನರ ಸುಮ್ಮನಾಗುವುದಿಲ್ಲ ಎಂದರು ಡಾಕ್ಟರು. ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಅದರ ಜೊತೆ ಬದುಕುವುದನ್ನು ಕಲಿಸಬಲ್ಲೆ. ನರದ ಮಾತ್ರೆ, ಸ್ವಲ್ಪ ಸ್ವಲ್ಪವೇ ಏರಿಸಿಕೊಂಡು. ದಿನಕ್ಕೆ ಎರಡು ಸಲ ಕಾಲಿಗೆ ಬಟ್ಟೆ ಉಜ್ಜುವುದು: ಮೊದಲು ರೇಷ್ಮೆ, ಅದು ಸಹನೆಯಾದ ಮೇಲೆ ಹತ್ತಿ, ಕೊನೆಗೆ ಟವೆಲ್ಲು. ಇನ್ನೊಂದು, ಹತ್ತು ನಿಮಿಷ ಕೆಲಸ, ಹತ್ತು ನಿಮಿಷ ವಿಶ್ರಾಂತಿ. ನೋವು ಬಂದ ಮೇಲೆ ಕೂರಬೇಡಿ. ನೋವು ಬರುವ ಮೊದಲೇ ಕೂರಿ.

“ನೋವು ಇಲ್ಲದಾಗಲೂ ಕೂರುದಾ?” ಎಂದು ಸಂಕರ್ಷಣ ಹಿಂದಿಯಲ್ಲಿ ಕೇಳಿದ.

“ಹಾಂ. ಅದೇ ಕಷ್ಟದ ಭಾಗ.”

ವಾಪಸು ಬರುವ ಗಾಡಿಯಲ್ಲಿ ಅವನು ಹೆಂಡತಿಗೆ ಕಿಟಕಿ ಪಕ್ಕದ ಸೀಟು ಹಿಡಿದು, ಅವಳ ಎಡಗಾಲಿಗೆ ಯಾರೂ ತಾಗದಂತೆ ಅಡ್ಡ ನಿಂತ. ಗಾಡಿ ಮುಂಬ್ರಾ ದಾಟಿತು.

“ನಾನು ನಂಬಿರಲಿಲ್ಲ,” ಎಂದ.

“ಗೊತ್ತುಂಟು.”

“ಹತ್ತಿಗೆ ಹಾಗಾಗ್ತದೆ ಅಂತ...”

“ನೈಟಿಗೆ ಆಗ್ತದೆ ಅಂತ ಹೇಳಿದ್ದೆ.”

ಗಾಡಿ ದಿವಾದಲ್ಲಿ ನಿಂತಿತು. ಜನ ಇಳಿದರು, ಜನ ಹತ್ತಿದರು. ಇಬ್ಬರಿಗೂ ಚನಿಯ ನೆನಪಾದ.

*

ಅನಘ ಆನ್‌ಲೈನಿನಲ್ಲಿ ಒಂದು ಟೈಮರ್ ತರಿಸಿದಳು. ತಿರುಗಿಸಿ ಇಟ್ಟರೆ ಟಿಕ್ ಟಿಕ್ ಎಂದು ಕೊನೆಗೆ ಗಂಟೆ ಹೊಡೆಯುವಂಥದ್ದು. ಬಿಳಿ ಬಣ್ಣದ ಮೊಟ್ಟೆಯ ಆಕಾರ.

“ಇದು ಅಡುಗೆಮನೆಗೆ ಬರಬಾರದು,” ಎಂದರು ರಮಾಮಣಿ.

“ಅಜ್ಜಿ, ಪ್ಲಾಸ್ಟಿಕ್!”

“ಪ್ಲಾಸ್ಟಿಕ್ಕಿನ ಮೊಟ್ಟೆಯೂ ಮೊಟ್ಟೆಯೇ. ಟೊಮೆಟೊ ಸಿಗಲಿಲ್ವಾ ನಿನಗೆ?”

ಟೈಮರ್ ಹಾಲಿನಲ್ಲಿ ಟಿವಿಯ ಪಕ್ಕ ಉಳಿಯಿತು. ಹತ್ತು ನಿಮಿಷ ಊರ್ಮಿಳಾ ತೆಂಗಿನಕಾಯಿ ತುರಿಯುವಳು. ಗಂಟೆ ಹೊಡೆದರೆ ತುರಿಮಣೆ ಬಿಟ್ಟು ಬಂದು ಕುರ್ಚಿಯಲ್ಲಿ ಕೂರುವಳು. ಆಗ ಅವಳ ಮುಖದಲ್ಲಿ ನೋವು ಇರುತ್ತಿರಲಿಲ್ಲ. ಮುಖದಲ್ಲಿ ಏನೂ ಇಲ್ಲದೆ ಕೂತ ಹೆಂಗಸನ್ನು ಅತ್ತೆ ಅಡುಗೆಮನೆಯಿಂದ ನೋಡುವರು.

“ಮೊಟ್ಟೆ ಕೂಗಿತು, ಯಜಮಾನಿ ಕೂತಳು,” ಎನ್ನುವರು.

ಒಂದು ಪಡವಲಕಾಯಿ ಕತ್ತರಿಸುವಷ್ಟರಲ್ಲಿ ಟೈಮರ್ ಮೂರು ಸಲ ಗಂಟೆ ಹೊಡೆಯುತ್ತಿತ್ತು. ಊಟ ಎರಡೂವರೆಗೆ ಹೋಯಿತು. ಒಂದು ದಿನ ಸಂಕರ್ಷಣ ಹೋಟೆಲಿನಿಂದ ಸಾಂಬಾರಿನ ಡಬ್ಬಿ ತಂದ. ರಮಾಮಣಿ ಅದನ್ನು ದಾಟಿ ಹೋಗಿ ಮೊಸರನ್ನ ಕಲಸಿಕೊಂಡರು.

ಹತ್ತಿಯ ವಿಷಯ ಮಗನೇ ಅವರಿಗೆ ಹೇಳಿದ್ದ. ರಮಾಮಣಿ ನಂಬಲಿಲ್ಲ. ಅವರು ಹುಟ್ಟಿದಾಗಿನಿಂದ ಹತ್ತಿಯ ಜೊತೆಗೇ ಇದ್ದವರು. ಪ್ರತಿ ಮಧ್ಯಾಹ್ನ ಕಾಲು ಚಾಚಿ, ಸೀರೆ ಸ್ವಲ್ಪ ಸರಿಸಿ, ತಮ್ಮ ಮೊಣಕಾಲ ಕೆಳಗೆ ಬೂದಿ ಹಚ್ಚಿ ದೀಪದ ಬತ್ತಿ ಹೊಸೆಯುತ್ತಿದ್ದರು. ಹತ್ತಿಗೆ ಕಿರುಚುವ ಕಾಲು ಯಾವ ಲೋಕದ್ದು?

ಮಂಗಳವಾರ ಮಧ್ಯಾಹ್ನ ಮಾತ್ರೆಯ ಮಂಪರಿನಲ್ಲಿ ಊರ್ಮಿಳಾ ಚಾಪೆಯ ಮೇಲೆ ಬಲಮಗ್ಗುಲಾಗಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ರಮಾಮಣಿ ಬತ್ತಿಯ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತರು. ಒಂದು ಚೂರು ಹತ್ತಿ ಬಿಡಿಸಿದರು. ಊದಿದರೆ ಹಾರಿಹೋಗುವಷ್ಟು. ಬಾಗಿಲ ಕಡೆ ಒಮ್ಮೆ ನೋಡಿ, ಅದನ್ನು ಸೊಸೆಯ ಮೀನಖಂಡದ ಮೇಲೆ ಬಿಟ್ಟರು.

ಊರ್ಮಿಳಾ ನಿದ್ದೆಯಲ್ಲೇ ಕಿರುಚಿದಳು. ಕಾಲು ಒದ್ದು ಡಬ್ಬಿ ಉರುಳಿತು, ಹೊಸೆದ ಬತ್ತಿಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಎದ್ದು ಕೂತು ನೋಡಿದರೆ ಅತ್ತೆ ಪಕ್ಕದಲ್ಲಿ, ಎರಡು ಬೆರಳು ಇನ್ನೂ ಹತ್ತಿ ಹಿಡಿದ ಹಾಗೆಯೇ ಕೂಡಿಕೊಂಡಿವೆ.

“ಎಂತ ಮಾಡಿದಿರಿ?”

ರಮಾಮಣಿ ಉರುಳಿದ ಡಬ್ಬಿಯನ್ನು ನೆಟ್ಟಗೆ ಇಟ್ಟರು.

“ಪರೀಕ್ಷೆ ಮಾಡಿದಿರಾ ಅತ್ತೆ? ನಾನು ಮಲಗಿದಾಗ?”

“ನೊಣ ಕೂತಿತ್ತು,” ಎಂದರು ರಮಾಮಣಿ. ಅವರ ಸುಳ್ಳು ಅವರಿಗೇ ಕೇಳಿಸಿ ಮುಖ ಕೆಂಪಾಯಿತು. ಬತ್ತಿ ಹೆಕ್ಕಲು ಬಗ್ಗಿದರು. ಒಂದು ಬತ್ತಿ ಊರ್ಮಿಳಾಳ ಕಾಲಿನ ಹತ್ತಿರ ಬಿದ್ದಿತ್ತು. ಅದರ ಕಡೆ ಕೈ ಚಾಚಿ, ತಾಗೀತೆಂದು ಹಿಂದೆ ತೆಗೆದುಕೊಂಡರು.

ಉಳಿದ ಬತ್ತಿಗಳನ್ನು ಡಬ್ಬಿಗೆ ತುಂಬುತ್ತ ಕೇಳಿದರು: “ಪೂಜೆಯ ದಿನವೂ ಇತ್ತಾ?”

“ಇತ್ತು.”

“ರೇಷ್ಮೆ ಸೀರೆಯಲ್ಲಿ?”

“ಹೌದು.”

ಆ ದಿನ ರಾತ್ರಿಯ ಊಟಕ್ಕೆ ರಮಾಮಣಿ ಹೋಟೆಲಿನ ಸಾಂಬಾರು ಹಾಕಿಸಿಕೊಂಡರು. ಈರುಳ್ಳಿಯನ್ನು ಹೆಕ್ಕಿ ಬಟ್ಟಲ ಅಂಚಿಗೆ ಸರಿಸಿದರು. ಮರುದಿನದಿಂದ ಬತ್ತಿ ಹೊಸೆಯುವುದು ಗ್ಯಾಲರಿಗೆ ಹೋಯಿತು. ಒಂದು ಎಳೆಯೂ ಒಳಗೆ ಹಾರಬಾರದೆಂದು ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದರು.

*

ಶುಕ್ರವಾರ ಊಟಕ್ಕೆ ಕೂತಾಗ ಸಂಕರ್ಷಣ ಹೇಳಿದ, “ಚನಿಯನಿಗೆ ಬುಧವಾರ ಆಪರೇಷನ್. ಎರಡು ತಿಂಗಳು ರಜೆ ಬರೆದುಕೊಟ್ಟಿದ್ದಾನೆ. ಎರಡು ತಿಂಗಳಿಗೆ ಗ್ರೈಂಡರ್ ಮುಂದೆ ನಿಲ್ತೇನೆ ಅಂತಾನೆ. ಮ್ಯಾನೇಜರ್ ಭಟ್ರ ಹೆಂಡತಿ ನಿಲ್ಲಲಿಲ್ವಾ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತಾನೆ.”

ಊರ್ಮಿಳಾ ಕೈ ತೊಳೆದಳು. “ನಾಳೆ ದಿವಾಕ್ಕೆ ಹೋಗ್ತೇನೆ.”

“ಎಂತಕ್ಕೆ?”

“ಹೇಳ್ಲಿಕ್ಕೆ.”

“ಈಗ ಹೇಳಿದರೆ ಎಂತ ಆಗ್ತದೆ ಗೊತ್ತುಂಟಾ? ಮ್ಯಾನೇಜರ್ ಹೆಂಡತಿ ಸುಳ್ಳು ಹೇಳಿದಳು ಅಂತ ನಾಡಿದ್ದು ಅಡುಗೆಕೋಣೆಯಿಂದ ಗಲ್ಲಾದವರೆಗೆ ಸುದ್ದಿ. ನಾನು ಅಲ್ಲಿ ಮುಖ ಎತ್ತಿ ಕೂರುದು ಬೇಡ್ವಾ?”

“ಸುಳ್ಳು ಹೇಳಿದ್ದು ಹೌದಲ್ಲ.”

“ಅವನು ಹೇಗೂ ಮಾಡಿಸಬೇಕು ಊರ್ಮಿ. ಪಾದ ಬಿದ್ದಿದೆ. ನೀನು ಹೇಳಿ ಹೆದರಿಸಿ, ಅವನು ಮಾಡಿಸದೆ ಕಾಲು ಹೋದರೆ?”

“ಅದನ್ನೂ ಹೇಳ್ತೇನೆ. ಪಾದ ಎದ್ದದ್ದನ್ನೂ ಹೇಳ್ತೇನೆ, ಉರಿಯುದನ್ನೂ ಹೇಳ್ತೇನೆ.”

“ಪೂಜೆ ಮಾಡಿದ್ದಕ್ಕೆ ಎಂತ ಅರ್ಥ ಮತ್ತೆ? ಅಮ್ಮ, ನೀವಾದರೂ ಹೇಳಿ.”

ರಮಾಮಣಿ ತಟ್ಟೆಯಲ್ಲಿ ಅನ್ನ ಒತ್ತುತ್ತಿದ್ದರು. “ದೇವರು ತಪ್ಪಲಿಲ್ಲ ಮಾಣಿ,” ಎಂದರು. “ಕಾಲು ಏಳಲಿ ಅಂತ ನಾನು ಬೇಡಿದ್ದು. ಕಾಲು ಎದ್ದಿತು. ನೋವಿನ ವಿಷಯ ನಾನು ಬೇಡಿಕೊಳ್ಳಲೇ ಇಲ್ಲ. ನನಗೆ ಹೊಳೆಯಲಿಲ್ಲ.” ಅನ್ನ ಬಿಟ್ಟು ತಲೆ ಎತ್ತಿ, “ಸಂಪೂರ್ಣ ಅಂತ ಬರೆದದ್ದು ನೀನು,” ಎಂದರು.

“ಎಲ್ಲರೂ ನನ್ನ ತಲೆಗೇ ಹಾಕಿ.”

“ನಿನ್ನ ತಲೆಗೆ ಅಲ್ಲ. ಐವತ್ತು ಎಲೆ ಹಾಕಿಸಿದ್ದು ನಾನು.” ಅವರು ಸೊಸೆಯ ಕಡೆ ತಿರುಗಿದರು. “ಹೋಗು. ಆದರೆ ಆ ಚಡ್ಡಿ ಹಾಕಿಕೊಂಡು ಹೋಗಬೇಡ, ಅಷ್ಟೆ.”

*

ಶನಿವಾರ ಅನಘಳಿಗೆ ರಜೆ. ಊರ್ಮಿಳಾ ಸೀರೆಯನ್ನು ಎತ್ತರಕ್ಕೆ ಉಟ್ಟು, ಎಡಗಡೆಯ ನೆರಿಗೆ ಕೈಯಲ್ಲಿ ಹಿಡಿದುಕೊಂಡು ಹೊರಟಳು. ಡೊಂಬಿವಿಲಿಯಿಂದ ಸ್ಲೋ ಗಾಡಿಯಲ್ಲಿ ಕೋಪರ್, ಆಮೇಲೆ ದಿವಾ. ಇಳಿದ ಕೂಡಲೇ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತಳು. ನೋವು ಹೆಚ್ಚಾಗಿರಲಿಲ್ಲ. ಕೂತದ್ದು ಅದಕ್ಕೇ.

ಚನಿಯನ ಮನೆ ಮೂರನೆಯ ಮಾಳಿಗೆಯಲ್ಲಿ. ಲಿಫ್ಟ್ ಇಲ್ಲ. ಪ್ರತಿ ತಿರುವಿನಲ್ಲೂ ಮೆಟ್ಟಿಲ ಮೇಲೆ ಕೂತು ಹತ್ತಿದಳು. ಹತ್ತಿಳಿಯುವವರು ಅವಳನ್ನು ದಾಟಿಕೊಂಡು ಹೋದರು. ಒಬ್ಬ ಹೆಂಗಸು “ಕಾಯ್ ಝಾಲಂ?”, ಏನಾಯಿತು, ಎಂದು ನಿಂತಳು. “ಬೆನ್ನಿನ ಆಪರೇಷನ್ ಆಗಿದೆ, ಕಾಲು ಉರೀತದೆ,” ಎಂದು ಊರ್ಮಿಳಾ ಮರಾಠಿಯಲ್ಲಿ ಹೇಳಿದಳು. ಗುರುತಿಲ್ಲದವಳ ಹತ್ತಿರ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು.

ಒಂದೇ ಕೋಣೆ. ಚನಿಯ ಮಂಚದಿಂದ ಏಳಲು ಹೋದ. ವಿಮಲಾ ಗಾಬರಿಯಿಂದ ಚಾಪೆ ಬಿಡಿಸಿದಳು.

“ಅಮ್ಮ ನೀವು ಇಲ್ಲಿಗೆ? ಫೋನ್ ಮಾಡಿದ್ದರೆ ನಾನೇ ಬರ್ತಿದ್ದೆ.”

ಊರ್ಮಿಳಾ ಕೂರಲಿಲ್ಲ. ಕೂತರೆ ಹೇಳಲಾಗದು ಅನಿಸಿತು. “ಚನಿಯ, ಆ ದಿನ ನಾನು ಸುಳ್ಳು ಹೇಳಿದೆ. ಪಾದ ಎದ್ದದ್ದು ನಿಜ. ಮಾಡಿಸದಿದ್ದರೆ ಇಷ್ಟು ಹೊತ್ತಿಗೆ ನಾನು ನಡೆಯುತ್ತಿರಲಿಲ್ಲ, ಅದೂ ನಿಜ. ಆದರೆ ಕಾಲು ಉರೀತದೆ. ಬಟ್ಟೆ ತಾಗಿದರೆ ಉರೀತದೆ. ನಿಂತು ಒಂದು ಪಲ್ಯ ಮಾಡ್ಲಿಕ್ಕೆ ಆಗುದಿಲ್ಲ. ಮಾತ್ರೆ ತಗೊಳ್ತೇನೆ. ಪೂಜೆಯ ದಿನವೂ ಉರೀತಿತ್ತು.”

ಕುಕ್ಕರ್ ಒಂದು ಸೀಟಿ ಹಾಕಿತು. ವಿಮಲಾ ಹೋಗಿ ಉರಿ ಸಣ್ಣ ಮಾಡಿ ಬಂದಳು.

“ನಾನು ಮೂರು ಸಲ ಕೇಳಿದೆನಲ್ಲ ಅಮ್ಮ.”

“ಹೌದು.”

“ಉರಿ ಅಂತ ಹೆಸರು ಹಿಡಿದೇ ಕೇಳಿದೆ.”

“ಹೌದು ವಿಮಲಾ.”

“ಮತ್ತೆ ಯಾಕೆ?”

ಊರ್ಮಿಳಾಳ ಹತ್ತಿರ ಉತ್ತರ ಇತ್ತು: ಪೂಜೆ, ಫೋಟೋ, ಅತ್ತೆ, ಗಂಡ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. “ನಾಚಿಕೆ ಆಯಿತು,” ಎಂದಳು. ಅಷ್ಟೇ ಹೊರಗೆ ಬಂತು.

ಚನಿಯ ತನ್ನ ಬಿದ್ದ ಪಾದ ನೋಡುತ್ತಿದ್ದ. “ಮಾಡಿಸದಿದ್ದರೆ ಇದು ಏಳುದಿಲ್ಲ ಅಂದರು.”

“ಅದನ್ನು ಡಾಕ್ಟರ ಹತ್ತಿರ ಇನ್ನೊಮ್ಮೆ ಕೇಳು. ಉರಿ ಉಳಿದರೆ ಎಂತ ಮಾಡುದು ಅಂತಲೂ ಈಗಲೇ ಕೇಳು. ನಾನು ಕೇಳಲಿಲ್ಲ. ಮಾಡಿಸಬೇಡ ಅಂತ ಹೇಳ್ಲಿಕ್ಕೆ ಬಂದದ್ದಲ್ಲ.”

“ಎರಡು ತಿಂಗಳಿಗೆ ನಿಲ್ತೇನೆ ಅಂತ ಹೋಟೆಲಿನಲ್ಲಿ ಹೇಳಿಬಿಟ್ಟೆ ನಾನು,” ಎಂದ ಅವನು, ಯಾರಿಗೂ ಅಲ್ಲದ ಹಾಗೆ.

ವಿಮಲಾ ಎದ್ದು ಹೊರಗೆ ಹೋದಳು. ಅವಳು ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಅನಘ ತಾಯಿಯ ಮುಖ ನೋಡಿದಳು: ಹೋಗೋಣವೇ? ಐದು ನಿಮಿಷಕ್ಕೆ ವಿಮಲಾ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಕೆಳಗಿನ ಟಪರಿ ಅಂಗಡಿಯ ಚಹಾ. ಕಾಗದದ ಎರಡು ಕಪ್ಪು.

“ನಮ್ಮ ಲೋಟ ನಿಮಗೆ ಆಗುದಿಲ್ಲ ಅಲ್ವಾ,” ಎಂದಳು. ದನಿಯಲ್ಲಿ ಚುಚ್ಚು ಇರಲಿಲ್ಲ. ಚುಚ್ಚಿದ್ದರೆ ಊರ್ಮಿಳಾಗೆ ಸುಲಭವಾಗುತ್ತಿತ್ತು. ಅವಳು ಚಾಪೆಯ ಮೇಲೆ ಕೂತು ಕಪ್ಪು ಹಿಡಿದು ಕೊನೆಯವರೆಗೂ ಕುಡಿದಳು.

*

ಚನಿಯ ಬುಧವಾರ ಹೋಗಲಿಲ್ಲ. ಸರ್ಜನ್ನರ ಹತ್ತಿರ ಮತ್ತೊಮ್ಮೆ ಹೋಗಿ, ಮಗ ಶೈಲೇಶನನ್ನು ಜೊತೆಗೆ ಕೂರಿಸಿಕೊಂಡು ಎಲ್ಲ ಕೇಳಿ, ಹತ್ತು ದಿನ ಬಿಟ್ಟು ಮಾಡಿಸಿಕೊಂಡ. ಹೋಟೆಲಿನಲ್ಲಿ ರುಬ್ಬುವ ಕೆಲಸ ಬಿಟ್ಟು ಕೂತು ಕೂಪನ್ ಹರಿಯುವ ಕೆಲಸಕ್ಕೆ ಹಾಕಿ ಎಂದು ಮೊದಲೇ ಹೇಳಿದ. ಸುದ್ದಿ ಅಡುಗೆಕೋಣೆಯಿಂದ ಗಲ್ಲಾದವರೆಗೆ ಬಂದೇ ಬಂತು. ಸಂಕರ್ಷಣ ನಾಲ್ಕು ದಿನ ಯಾರ ಮುಖವನ್ನೂ ನೋಡದೆ ಚಿಲ್ಲರೆ ಎಣಿಸಿ ಕೊಟ್ಟ. ಐದನೆಯ ದಿನ ಮಾಲಕರಿಗೆ ಹೇಳಿ ಚನಿಯನ ಕೂಪನ್ ಕೆಲಸ ಗಟ್ಟಿ ಮಾಡಿಸಿದ. ಮನೆಯಲ್ಲಿ ಹೇಳಲಿಲ್ಲ, ವಿಮಲಾಳಿಂದ ಗೊತ್ತಾಯಿತು. ಬೆಡ್‌ಶೀಟ್ ಮರೆಯಲ್ಲಿ ಬಟ್ಟೆ ಹಾಕುವುದನ್ನು ಮಾತ್ರ ಅವನು ಬಿಡಲಿಲ್ಲ.

ಊರಿನಿಂದ ಯಾರೋ ಫೋನ್ ಮಾಡಿ ಸೊಸೆ ಹೇಗಿದ್ದಾಳೆ ಎಂದು ಕೇಳಿದರೆ ರಮಾಮಣಿ “ನಡೀತಾಳೆ” ಎನ್ನುತ್ತಿದ್ದರು. ಅದರ ಮುಂದೆ ಇನ್ನೂ ಹೋಗಿರಲಿಲ್ಲ.

ಒಂದು ಸಂಜೆ ಊರ್ಮಿಳಾ ಹೆಸರುಬೇಳೆ ಆರಿಸಿಟ್ಟು, ಮೊಟ್ಟೆ ತಿರುಗಿಸಿ, ಹಾಲಿನ ಕುರ್ಚಿಯಲ್ಲಿ ಚಡ್ಡಿ ಹಾಕಿಕೊಂಡು ಕೂತಿದ್ದಳು. ರೇಷ್ಮೆಯ ಚೂರಿನಿಂದ ಮೀನಖಂಡ ಸವರಿಕೊಳ್ಳುತ್ತಿದ್ದಳು. ಹಳೆಯ ಸೀರೆಯ ಸೆರಗಿನಿಂದ ಆ ಚೂರು ಕತ್ತರಿಸಿ ಕೊಟ್ಟದ್ದು ಅತ್ತೆ. ಬೆಲ್ ಆಯಿತು. ರೂಢಿಯಂತೆ ಎರಡು ಕೈ ಕುರ್ಚಿಯ ಮೇಲೆ ಊರಿ ಏಳಲು ಹೋದಳು. ಟೈಮರ್ ನೋಡಿದಳು. ಇನ್ನೂ ಆರು ನಿಮಿಷ ಇತ್ತು. ಮುಖ ಬಿಸಿಯಾಯಿತು. ಏಳಲಿಲ್ಲ.

ರಮಾಮಣಿ ಬಾಗಿಲ ಹತ್ತಿರ ಹೋಗಿ, ಹಿಂತಿರುಗಿ ಸೊಸೆಯ ಬರಿಗಾಲು ನೋಡಿದರು. ಹೋಗು ಎನ್ನಲಿಲ್ಲ. ಚಿಲಕ ತೆಗೆದರು.

ವಿಮಲಾ. ಒಳಗೆ ಬಂದವಳು ಚಪ್ಪಲಿ ಬಿಡುವುದನ್ನು ಮರೆತು ನಿಂತು ನೋಡಿದಳು.

“ಇದೇನಾ ಅಮ್ಮ ಆ ಕಾಲು?”

“ಇದೇ.”

“ಹೊರಗೆ ಎಂತದ್ದೂ ಕಾಣುದಿಲ್ಲ.”

“ಕಾಣುದಿಲ್ಲ.”

“ಅವರದ್ದೂ ಕಾಣುದಿಲ್ಲ. ಪಾದ ಎದ್ದಿದೆ. ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದ ಹಾಗೆ ಆಗ್ತದಂತೆ. ಕೇಳಿದವರಿಗೆಲ್ಲ ಹಾಗೆಯೇ ಹೇಳ್ತಾರೆ.” ಅವಳು ಸ್ಟೂಲು ಎಳೆದು ಹತ್ತಿರ ಕೂತಳು. “ಆ ಬಟ್ಟೆ ಸವರುದು ಹೇಗೆ, ಒಮ್ಮೆ ತೋರಿಸಿ.”

ಅಡುಗೆಮನೆಯಿಂದ ಕಾಫಿ ಬಂತು. ಮೂರು ಕಾಗದದ ಕಪ್ಪು. ಊರ್ಮಿಳಾ ಅತ್ತೆಯ ಮುಖ ನೋಡಿದಳು.

“ಲೋಟ ಒಂದೂ ತೊಳೆದಿಲ್ಲ,” ಎಂದರು ರಮಾಮಣಿ. “ಇವತ್ತು ನಿನ್ನ ಸರದಿ. ಮೊಟ್ಟೆ ಕೂಗಲಿ, ಆಮೇಲೆ ಏಳು.”

ತಾವೂ ಒಂದು ಕಪ್ಪು ಹಿಡಿದು ಸೋಫಾದ ತುದಿಯಲ್ಲಿ ಕೂತರು. ಊರ್ಮಿಳಾ ರೇಷ್ಮೆಯ ಚೂರನ್ನು ಪಾದದಿಂದ ಮೇಲಕ್ಕೆ, ನಿಧಾನವಾಗಿ, ಹಲ್ಲು ಕಚ್ಚಿಕೊಂಡು ಎಳೆದು ತೋರಿಸಿದಳು. ವಿಮಲಾ ಬಗ್ಗಿ ನೋಡಿದಳು. ರಮಾಮಣಿಯೂ ನೋಡಿದರು. ಟಿವಿಯ ಪಕ್ಕದಲ್ಲಿ ಟೈಮರ್ ಟಿಕ್ ಟಿಕ್ ಎನ್ನುತ್ತಿತ್ತು.